ಲೇಟೆಸ್ಟ್ ಅಂದ್ರೆ ಯಾವುದು? ಕುಣಿಗಲ್‌ನಲ್ಲಿ ಬೆವರಿಳಿಸಿದ ಒಂದು ಭಾನುವಾರ

 

ಇವತ್ತಿನ ಎಪಿಸೋಡ್ ಸ್ವಲ್ಪ ಟೆಕ್ನಿಕಲ್. ಓಡಿ ಹೋಗ್ಬೇಡಿ. ನಾನು ಬಿ.ಕಾಂ. ಓದಿದವನು, ನನಗೇ ಅರ್ಥ ಆಗಿದೆ ಅಂದ್ರೆ ನಿಮಗೂ ಆಗತ್ತೆ. ವಿಷಯ ಇಷ್ಟೇ: ಇಂಟರ್ನೆಟ್‌ನಲ್ಲಿರೋ ಒಂದು ಸಾಫ್ಟ್‌ವೇರ್ ಗೋಡೌನ್‌ನಲ್ಲಿ ಯಾವ ಯಾವ ವರ್ಷನ್ ಇಟ್ಟಿದ್ದಾರೆ ಅನ್ನೋದನ್ನ, ಏನೂ ಡೌನ್‌ಲೋಡ್ ಮಾಡದೆ, ಒಂದೇ ಸಾಲಿನ ಕಮಾಂಡ್‌ನಲ್ಲಿ ನೋಡೋದು ಹೇಗೆ ಅಂತ. ನಾನು ಇದನ್ನ ಕಲಿತದ್ದು ಕುಣಿಗಲ್‌ನಲ್ಲಿ, ಒಬ್ಬ ಅಜ್ಜಿ ಮನೆ ಜಗಲಿ ಮೇಲೆ ಕೂತು, ಬೆವರು ಒರೆಸ್ಕೊಳ್ತಾ.

ಮೊದಲು ಕಥೆ ಹೇಳ್ತೀನಿ.

ನಮ್ಮ ಹಳೇ ಕೇಳುಗರಿಗೆ ನೆನಪಿರಬಹುದು, 2022ರಲ್ಲಿ ಗುಬ್ಬಿಯ ಒಬ್ಬ ಅಜ್ಜನ ಜೊತೆ ಮಾತಾಡಿದ್ದೆ. ಗುಬ್ಬಿ ಅಂದ್ರೆ ನಾಟಕ ಅಲ್ವಾ. 1884ರಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಕಂಪನಿ, ಆಮೇಲೆ ಗುಬ್ಬಿ ವೀರಣ್ಣನವರ ಕಾಲ, ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದು, ಇದೆಲ್ಲ ಎಲ್ಲರಿಗೂ ಗೊತ್ತು. ಈ ಅಜ್ಜ ಅಂಥ ದೊಡ್ಡ ಹೆಸರಿನವರಲ್ಲ. ಬೇರೆ ಒಂದು ಸಣ್ಣ ಕಂಪನಿಯಲ್ಲಿ ಪರದೆ ಎಳೀತಿದ್ದವರು. ಯಾವ ಪೋಸ್ಟರ್‌ನಲ್ಲೂ ಅವರ ಹೆಸರು ಬಂದಿಲ್ಲ. ಎರಡು ಗಂಟೆ ಮಾತಾಡಿದ್ರು. ಎಪಿಸೋಡ್‌ನಲ್ಲಿ ಹಾಕಿದ್ದು ಮೂವತ್ತು ನಿಮಿಷ. ಉಳಿದದ್ದು ನನ್ನ ಹತ್ರಾನೇ ಇತ್ತು.

ಅಜ್ಜ ಹೋಗಿಬಿಟ್ರು. ಅವರ ಹೆಂಡತಿ ಈಗ ಕುಣಿಗಲ್‌ನಲ್ಲಿ ಮಗಳ ಮನೇಲಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಮಗಳು ಫೋನ್ ಮಾಡಿ, "ಅಪ್ಪಾಜಿ ಮಾತಾಡಿದ್ದು ಪೂರ್ತಿ ಕೇಳಿಸ್ತೀರಾ? ಅಮ್ಮ ದಿನಾ ಕೇಳ್ತವ್ರೆ" ಅಂದ್ರು. ಭಾನುವಾರ ಬರ್ತೀನಿ ಅಂದೆ. ಬ್ಲೂಟೂತ್ ಸ್ಪೀಕರ್ ಬ್ಯಾಗಿಗೆ ಹಾಕ್ಕೊಂಡು ಬಸ್ ಹತ್ತಿದೆ.

ಇಲ್ಲಿ ನನ್ನ ವ್ಯವಸ್ಥೆ ಸ್ವಲ್ಪ ಹೇಳ್ಬೇಕು. ತುಮಕೂರಿನ ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ, ಸ್ಕ್ರೀನ್ ಒಡೆದಿದೆ, ಅದೇ ನನ್ನ ಸರ್ವರ್. ಎಲ್ಲ ರೆಕಾರ್ಡಿಂಗೂ ಅದರಲ್ಲೇ. ಆದ್ರೆ ಫೈಲ್‌ಗಳಿಗೆ ಹೆಸರಿಲ್ಲ, ಬರೀ ಉದ್ದುದ್ದ ನಂಬರ್. ಯಾವ ನಂಬರ್ ಯಾರ ದನಿ, ಎಷ್ಟನೇ ನಿಮಿಷಕ್ಕೆ ಏನು ಹೇಳಿದ್ದಾರೆ, ಇದೆಲ್ಲ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ನಲ್ಲಿದೆ. ಅದು ಓಡೋದು ಡಾಕರ್ ಕಂಟೇನರ್ ಒಳಗೆ. ಫೋನಿಂದಾನೇ ನನ್ನ ಸೈಟ್ ತೆಗೆದು ಹೆಸರು ಹುಡುಕಿದ್ರೆ ಆಡಿಯೋ ಬರತ್ತೆ.

ಅವತ್ತು ಬರಲಿಲ್ಲ. ಅಜ್ಜಿ ಗೋಡೆಗೊರಗಿ ಕೂತಿದ್ರು. ಸೆರಗು ಸರಿ ಮಾಡ್ಕೊಂಡು, ಯಾರೋ ಮನೆಗೆ ಬರ್ತಾರೇನೋ ಅನ್ನೋ ಹಾಗೆ ಕೂತಿದ್ರು. ನನ್ನ ಫೋನಲ್ಲಿ ಮಾತ್ರ ಎರರ್ ಪೇಜು. ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ.

"ಸಿಗ್ನಲ್ ಇಲ್ವೇನಪ್ಪ?" ಅಂದ್ರು.

"ಹೂಂ ಅಜ್ಜಿ, ಒಂಚೂರು ಇರಿ" ಅಂತ ಸುಳ್ಳು ಹೇಳಿ ಜಗಲಿಗೆ ಬಂದೆ.

ಈಗ ಸ್ವಲ್ಪ ಪಾಠ. ಕಂಟೇನರ್ ಅಂದ್ರೆ ನಮ್ಮ ತುಮಕೂರು ಕಡೆಯವರಿಗೆ ನೆನಪಾಗೋದು ನ್ಯಾಷನಲ್ ಹೈವೇ 48ರಲ್ಲಿ ಹೋಗೋ ಲಾರಿಗಳು. ಹೋಲಿಕೆ ತಪ್ಪೇನಲ್ಲ. ಒಂದು ಸಾಫ್ಟ್‌ವೇರ್ ಓಡೋಕೆ ಬೇಕಾದ್ದನ್ನೆಲ್ಲ ಒಂದೇ ಡಬ್ಬದಲ್ಲಿ ತುಂಬಿ ಸೀಲ್ ಮಾಡಿದ್ರೆ ಅದು ಇಮೇಜ್. ಅದನ್ನ ಓಡಿಸಿದ್ರೆ ಕಂಟೇನರ್. ಇಮೇಜ್‌ಗಳನ್ನ ಜೋಡಿಸಿಟ್ಟಿರೋ ಆನ್‌ಲೈನ್ ಗೋಡೌನ್‌ಗೆ ರಿಜಿಸ್ಟ್ರಿ ಅಂತಾರೆ. ರಿಜಿಸ್ಟ್ರಿ ಅಂದ ಕೂಡ್ಲೆ ಸೈಟು, ಸಬ್ ರಿಜಿಸ್ಟ್ರಾರ್ ಆಫೀಸು ಅಂದ್ಕೋಬೇಡಿ, ಅದಲ್ಲ ಇದು. ಡಾಕರ್ ಹಬ್ ಅಂಥದ್ದೊಂದು ಗೋಡೌನು. ಅಲ್ಲಿ ಪ್ರತಿ ಡಬ್ಬದ ಮೇಲೂ ಚೀಟಿ ಅಂಟಿಸಿರ್ತಾರೆ. 16, 16.4, ಲೇಟೆಸ್ಟ್, ಹೀಗೆ. ಆ ಚೀಟಿಗೆ ಟ್ಯಾಗ್ ಅಂತ ಹೆಸರು.

ನನ್ನ ಸೆಟ್ಟಿಂಗ್ ಫೈಲಿನಲ್ಲಿ ನಾನು ಬರೆದಿದ್ದು ಬರೀ "ಪೋಸ್ಟ್‌ಗ್ರೆಸ್" ಅಂತ. ಟ್ಯಾಗೇ ಬರೆದಿರಲಿಲ್ಲ. ಟ್ಯಾಗ್ ಬರೀಲಿಲ್ಲ ಅಂದ್ರೆ ಡಾಕರ್ ತಾನೇ "ಲೇಟೆಸ್ಟ್" ಅಂತ ಸೇರಿಸ್ಕೊಳ್ಳತ್ತೆ. ಅದರ ಮೇಲೆ, ಬಲು ಬುದ್ಧಿವಂತ ಅಂತ, ಪ್ರತಿ ಭಾನುವಾರ ಬೆಳಗಿನ ಜಾವ 3 ಗಂಟೆಗೆ ಎಲ್ಲ ಇಮೇಜೂ ಹೊಸದು ತಂದು ಓಡಿಸೋ ಹಾಗೆ ಸ್ಕ್ರಿಪ್ಟ್ ಹಾಕಿದ್ದೆ.

ಪೋಸ್ಟ್‌ಗ್ರೆಸ್ 17 ಬಿಡುಗಡೆ ಆಗಿದ್ದು 2024ರ ಸೆಪ್ಟೆಂಬರ್ 26ಕ್ಕೆ. ಅದು ಬಂದ ಮೇಲೆ "ಲೇಟೆಸ್ಟ್" ಚೀಟಿ 16ರ ಡಬ್ಬದಿಂದ ಎದ್ದು 17ರ ಮೇಲೆ ಕೂತ್ಕೊಳ್ತು. ನನ್ನ ಸ್ಕ್ರಿಪ್ಟ್ ನಿಯತ್ತಾಗಿ ಅದನ್ನ ತಂದು ಹಾಕ್ತು. ಪೋಸ್ಟ್‌ಗ್ರೆಸ್‌ನ ನಿಯಮ ಏನಂದ್ರೆ, 16 ಬರೆದಿಟ್ಟ ಡೇಟಾ ಫೋಲ್ಡರನ್ನ 17 ನೇರವಾಗಿ ತೆಗೆಯಲ್ಲ. ಡಂಪ್ ತೆಗೆದು ಹೊಸದಕ್ಕೆ ತುಂಬಿಸ್ಬೇಕು, ಇಲ್ಲಾ ಅದರದ್ದೇ ಅಪ್‌ಗ್ರೇಡ್ ಟೂಲ್ ಬಳಸ್ಬೇಕು. ಇದು ಪೋಸ್ಟ್‌ಗ್ರೆಸ್ ತಪ್ಪಲ್ಲ, ಅವರು ಎಷ್ಟೋ ವರ್ಷದಿಂದ ಹೇಳ್ತಾನೇ ಇದ್ದಾರೆ. ತಪ್ಪು ನನ್ನದೇ.

ಆದ್ರೆ ಜಗಲಿ ಮೇಲೆ ಕೂತಾಗ ಇದೊಂದೂ ನನಗೆ ಗೊತ್ತಿಲ್ಲ. ಫೋನಲ್ಲಿ ಟರ್ಮಕ್ಸ್ ತೆಗೆದು ಮನೆ ಲ್ಯಾಪ್‌ಟಾಪ್‌ಗೆ ಲಾಗಿನ್ ಆದೆ. ಡೇಟಾಬೇಸ್ ಕಂಟೇನರ್ ಎದ್ದೇಳತ್ತೆ, ಬೀಳತ್ತೆ, ಎದ್ದೇಳತ್ತೆ, ಬೀಳತ್ತೆ. ಗಾಬರಿಯಲ್ಲಿ ಗೂಗಲ್ ಮಾಡಿದ್ರೆ ಮೊದಲು ಕಣ್ಣಿಗೆ ಬಿದ್ದ ಪರಿಹಾರ: "ಡಾಕರ್ ಕಂಪೋಸ್ ಡೌನ್, ಹೈಫನ್ ವಿ". ಮಾಡಿ ಸಾಕು, ಸರಿಹೋಗತ್ತೆ ಅಂತ.

ಟೈಪ್ ಮಾಡಿದ್ದೆ. ಎಂಟರ್ ಒತ್ತೋದು ಬಾಕಿ.

ಆ "ಹೈಫನ್ ವಿ" ಏನು ಮಾಡತ್ತೆ ಗೊತ್ತಾ? ವಾಲ್ಯೂಮ್ ಅಳಿಸತ್ತೆ. ಅಂದ್ರೆ ಡೇಟಾ ಇಟ್ಟಿರೋ ಜಾಗಾನೇ ಖಾಲಿ. ಹೌದು, ಅದಾದ ಮೇಲೆ 17 ಆರಾಮಾಗಿ ಶುರುವಾಗತ್ತೆ, ಯಾಕಂದ್ರೆ ಓದೋಕೆ ಹಳೇದು ಏನೂ ಉಳಿದಿರಲ್ಲ. ಆಡಿಯೋ ಫೈಲ್‌ಗಳು ಬೇರೆ ಫೋಲ್ಡರ್‌ನಲ್ಲಿ ಉಳೀತಿದ್ವು, ಆದ್ರೆ ನೂರಾರು ನಂಬರ್‌ಗಳಲ್ಲಿ ಈ ಅಜ್ಜ ಯಾರು, ಗೂಳೂರಿನ ಆ ಮಾವ ಯಾರು, ಯಾವುದೂ ಗೊತ್ತಾಗ್ತಿರಲಿಲ್ಲ. ಬ್ಯಾಕಪ್? ಆಡಿಯೋದ್ದು ಇತ್ತು. ಡೇಟಾಬೇಸ್‌ದು ಇರಲಿಲ್ಲ. ನಗಬೇಡಿ.

ಎಂಟರ್ ಒತ್ತೋಕೆ ಮುಂಚೆ ಅಜ್ಜಿ ಮಗಳು ಕಾಫಿ ತಂದ್ರು. ಲೋಟ ಇಸ್ಕೊಳ್ಳೋಕೆ ಫೋನ್ ಕೆಳಗಿಟ್ಟೆ. ನಿಜವಾಗ್ಲೂ ಅಷ್ಟೇ, ಬೇರೆ ಯಾವ ಜಾಣತನವೂ ಇಲ್ಲ. ಎರಡು ಗುಟುಕು ಕುಡಿದ ಮೇಲೆ, ಮೊದಲು ಲಾಗ್ ಓದೋಣ ಅನ್ನಿಸ್ತು. ಲಾಗ್‌ನಲ್ಲಿ ನೆಟ್ಟಗೆ ಬರೆದಿತ್ತು: ಈ ಡೇಟಾ ಮಾಡಿದ್ದು ವರ್ಷನ್ 16, ಈಗ ಓಡ್ತಿರೋದು 17, ಎರಡಕ್ಕೂ ಹೊಂದಲ್ಲ.

ಸರಿ, 16ಕ್ಕೆ ವಾಪಸ್ ಹೋಗ್ಬೇಕು. ಆ ಚೀಟಿ ಹೆಸರೇನು? ಊಹೆ ಶುರು ಮಾಡಿದೆ. "ವಿ16" ಅಂತ ಹಾಕಿದೆ, ಹಾಗೊಂದು ಇಲ್ಲ ಅಂತು. "16.4.0" ಹಾಕಿದೆ, ಅದೂ ಇಲ್ಲ. ಇಲ್ಲಿ ಯಾರ್ ಯಾರು ಹೇಗೆ ಹೆಸರಿಡ್ತಾರೆ ಅನ್ನೋದಕ್ಕೆ ಕಟ್ಟುನಿಟ್ಟಾದ ನಿಯಮ ಇಲ್ಲ. ಕೆಲವರು ವಿ ಹಾಕ್ತಾರೆ, ಕೆಲವರು ಹಾಕಲ್ಲ, ಕೆಲವರು ತಾರೀಖೇ ಹಾಕ್ತಾರೆ.

"ಡಾಕರ್ ಸರ್ಚ್" ಅಂತ ಒಂದು ಕಮಾಂಡ್ ಇದೆಯಲ್ಲ, ಅದು? ಅದು ಇಮೇಜ್ ಹೆಸರು ಹುಡುಕಿ ಕೊಡತ್ತೆ, ಎಷ್ಟು ಸ್ಟಾರ್ ಬಂದಿದೆ ಅಂತ ಹೇಳತ್ತೆ. ಟ್ಯಾಗ್ ಹೇಳಲ್ಲ. "ಡಾಕರ್ ಇಮೇಜಸ್" ನಿಮ್ಮ ಮಷೀನ್‌ನಲ್ಲಿ ಏನಿದೆಯೋ ಅದನ್ನಷ್ಟೇ ತೋರಿಸತ್ತೆ. ಗೋಡೌನಲ್ಲಿ ಏನೇನಿದೆ ಅನ್ನೋ ಸ್ಟಾಕ್ ಲಿಸ್ಟ್ ಮಾಮೂಲಿ ಡಾಕರ್ ಕಮಾಂಡ್‌ನಲ್ಲಿ ಸಿಗಲ್ಲ. ಇಷ್ಟು ಬೇಸಿಕ್ ಕೆಲಸಕ್ಕೆ ಬೇರೆ ಟೂಲ್ ಹುಡುಕ್ಬೇಕು ಅನ್ನೋದು ನನಗೆ ಇವತ್ತಿಗೂ ಸಿಟ್ಟು ಬರೋ ವಿಷಯ.

ಆ ಟೂಲ್ ಹೆಸರು ಸ್ಕೋಪಿಯೋ. ಸ್ಪೆಲಿಂಗ್: ಎಸ್, ಕೆ, ಓ, ಪಿ, ಇ, ಓ. ಗ್ರೀಕ್‌ನಲ್ಲಿ ನೋಡು ಅನ್ನೋ ಅರ್ಥದ ಪದ, ಟೆಲಿಸ್ಕೋಪ್‌ನಲ್ಲಿರೋ ಸ್ಕೋಪೂ ಅದೇ ಬೇರಿಂದ ಬಂದದ್ದು. ಉಬುಂಟು, ಡೆಬಿಯನ್‌ನಲ್ಲಿ "ಆ್ಯಪ್ಟ್ ಇನ್‌ಸ್ಟಾಲ್" ಅಂದ್ರೆ ಬರತ್ತೆ. ಆಮೇಲೆ ಬರೆಯೋದು ಹೀಗೆ, ನಿಧಾನಕ್ಕೆ ಹೇಳ್ತೀನಿ, ಟೈಪ್ ಮಾಡೋವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ:

ಸ್ಕೋಪಿಯೋ, ಸ್ಪೇಸ್, ಲಿಸ್ಟ್ ಹೈಫನ್ ಟ್ಯಾಗ್ಸ್, ಸ್ಪೇಸ್, ಡಾಕರ್ ಕೋಲನ್ ಸ್ಲ್ಯಾಶ್ ಸ್ಲ್ಯಾಶ್, ಡಾಕರ್ ಡಾಟ್ ಐಓ, ಸ್ಲ್ಯಾಶ್ ಲೈಬ್ರರಿ, ಸ್ಲ್ಯಾಶ್ ಪೋಸ್ಟ್‌ಗ್ರೆಸ್.

ಮಧ್ಯದಲ್ಲಿರೋ "ಲೈಬ್ರರಿ" ಏನು ಅಂತ ಕೇಳ್ತೀರಾ? ಡಾಕರ್ ಹಬ್‌ನ ಅಧಿಕೃತ ಇಮೇಜ್‌ಗಳೆಲ್ಲ ಆ ಹೆಸರಿನ ಕೆಳಗೆ ಇರ್ತವೆ. ನಾವು ಬರೀ ಪೋಸ್ಟ್‌ಗ್ರೆಸ್ ಅಂದಾಗ ಡಾಕರ್ ಒಳಗೊಳಗೇ ಇಡೀ ವಿಳಾಸ ಸೇರಿಸ್ಕೊಳ್ತಿರತ್ತೆ.

ಎಂಟರ್ ಒತ್ತಿದೆ. ಸ್ಕ್ರೀನ್ ತುಂಬಿ ಹರಿಯಿತು. ನೂರಾರು ಟ್ಯಾಗ್. ನನಗೆ ಬೇಕಾದ್ದು 16ರಿಂದ ಶುರುವಾಗೋವು, ಅದಕ್ಕೆ ಗ್ರೆಪ್ ಹಾಕಿ ಸೋಸಿದೆ. 16, 16.0, 16.1, ಹಾಗೇ 16.4ರವರೆಗೆ ಬಂತು. ಒಂದೊಂದಕ್ಕೂ ಬಾಲ ಬೇರೆ, ಹೈಫನ್ ಆಲ್ಪೈನ್, ಹೈಫನ್ ಬುಕ್‌ವರ್ಮ್. ಬುಕ್‌ವರ್ಮ್ ಅಂದ್ರೆ ಡೆಬಿಯನ್ 12ರ ಹೆಸರು. ಡೆಬಿಯನ್‌ನವರು ಎಲ್ಲ ವರ್ಷನ್‌ಗೂ ಟಾಯ್ ಸ್ಟೋರಿ ಸಿನಿಮಾದ ಪಾತ್ರಗಳ ಹೆಸರಿಡ್ತಾರೆ. ಆಲ್ಪೈನ್ ಅನ್ನೋದು ಇನ್ನೊಂದು ಚಿಕ್ಕ ಲಿನಕ್ಸ್. ನಾನು ಮೊದಲಿಂದ ಬಾಲ ಇಲ್ಲದ್ದನ್ನೇ ಬಳಸ್ತಿದ್ದೆ, ಅದು ಡೆಬಿಯನ್ ಮೇಲೆ ಕಟ್ಟಿದ್ದು. ಸೈಜ್ ಚಿಕ್ಕದು ಅಂತ ಆಲ್ಪೈನ್‌ಗೆ ಹಾರೋ ಸಮಯ ಇದಲ್ಲ. ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸ್ಬೇಕು ಅನ್ನೋದನ್ನ ಡೇಟಾಬೇಸ್ ಆ ಕೆಳಗಿನ ಸಿಸ್ಟಮ್‌ನಿಂದ ಕೇಳಿ ತಿಳ್ಕೊಳ್ಳತ್ತೆ, ಎರಡರಲ್ಲೂ ಆ ಲೆಕ್ಕ ಬೇರೆ ಬೇರೆ.

ಸಾದಾ 16.4 ಬರೆದೆ. ಮತ್ತೆ ಶುರು ಮಾಡಿದೆ. ಡೌನ್‌ಲೋಡ್ ಆಗೋ ತನಕ ಜಗಲಿ ಮೇಲೆ ಕೂತು ಆ ಕಡೆ ಈ ಕಡೆ ನೋಡ್ತಿದ್ದೆ. ಎದ್ದು ನಿಂತ್ಕೊಳ್ತು. ಒಂದು ಸಾಲೂ ಹೋಗಿರಲಿಲ್ಲ. ಹೋಗೋಕೆ ಸಾಧ್ಯಾನೂ ಇರಲಿಲ್ಲ, ಯಾಕಂದ್ರೆ 17 ಆ ಡೇಟಾನ ಮುಟ್ಟೋಕೇ ಒಪ್ಪಿರಲಿಲ್ಲ.

ಒಳಗೆ ಹೋಗಿ ಸ್ಪೀಕರ್ ಆನ್ ಮಾಡಿದೆ. ಅಜ್ಜ ಮೊದಲು ಕೆಮ್ಮಿದ್ರು, ಆಮೇಲೆ ಮಾತು. ಅಜ್ಜಿ, "ಹಿಂಗೇ, ಹಿಂಗೇ ಕೆಮ್ಮಿಕಂಡೇ ಶುರು ಮಾಡೋರು" ಅಂತ ಮಗಳ ಕಡೆ ನೋಡಿದ್ರು. ಎಪಿಸೋಡ್‌ನಲ್ಲಿ ನಾನು ಕತ್ತರಿಸಿದ್ದ ಒಂದು ಪ್ರಸಂಗ ಅದರಲ್ಲಿತ್ತು. ಪರದೆ ಹಗ್ಗಗಳಿಗೆಲ್ಲ ಚೀಟಿ ಕಟ್ಟಿರ್ತಿದ್ರಂತೆ, ಅರಮನೆ, ಕಾಡು, ಬೀದಿ ಅಂತ. ಒಂದಿನ ಯಾರೋ ತರಲೆ ಹುಡುಗ ಚೀಟಿ ಅದಲುಬದಲು ಮಾಡಿದ್ದಾನೆ. ಅಜ್ಜ ಅರಮನೆ ಅಂತ ಎಳೆದಿದ್ದಾರೆ, ಕಾಡು ಇಳಿದಿದೆ. ರಾಜ ಸಿಂಹಾಸನದ ಮೇಲೆ, ಹಿಂದೆ ಆಲದ ಮರ. "ಚೀಟಿ ನೋಡಿ ಎಳೆದೆ ಕಣಪ್ಪ, ಪರದೆ ನೋಡ್ಲಿಲ್ಲ" ಅಂತ ಅಜ್ಜ ಸ್ಪೀಕರ್‌ನಲ್ಲಿ ನಗ್ತಿದ್ರು. ಇದನ್ನ ಯಾಕೆ ಎಡಿಟ್‌ನಲ್ಲಿ ಕತ್ತರಿಸಿದ್ದೆ ಅಂತ ನನಗೆ ಈಗ ನೆನಪಿಲ್ಲ.

ಸರಿ, ಕಥೆ ಮುಗೀತು. ವಾಪಸ್ ಬಸ್ಸಲ್ಲಿ ಕೂತು ಓದಿದ್ದು, ಆಮೇಲೆ ಕಲಿತದ್ದು, ಸ್ವಲ್ಪ ಹೇಳ್ತೀನಿ.

"ಲೇಟೆಸ್ಟ್" ಅನ್ನೋ ಪದಕ್ಕೆ ಯಾವ ಮಂತ್ರಶಕ್ತಿಯೂ ಇಲ್ಲ. ತೀರಾ ಹೊಸದು ಅನ್ನೋ ಗ್ಯಾರಂಟಿಯೂ ಇಲ್ಲ. ಮಾಲೀಕರು ಯಾವ ಡಬ್ಬಕ್ಕೆ ಬೇಕಾದ್ರೂ ಆ ಚೀಟಿ ಅಂಟಿಸಬಹುದು, ಅಂಟಿಸದೇ ಇರಬಹುದು. ಬೇರೆ ಟ್ಯಾಗ್‌ಗಳೂ ಜಾಗ ಬದಲಾಯಿಸ್ತವೆ. ಅದೇ ವರ್ಷ ನವೆಂಬರ್ 14ಕ್ಕೆ ಪೋಸ್ಟ್‌ಗ್ರೆಸ್ 16.5 ಬಂತು. ಅದರಲ್ಲಿ ತೊಂದರೆ ಕಂಡು ಒಂದೇ ವಾರಕ್ಕೆ, 21ಕ್ಕೆ, 16.6 ಬಿಟ್ರು. "16" ಅಂತ ಮಾತ್ರ ಬರೆದಿದ್ದವರಿಗೆ ಒಂದೇ ತಿಂಗಳಲ್ಲಿ ಅದೇ ಚೀಟಿ ಕೆಳಗೆ ಮೂರು ಬೇರೆ ಬೇರೆ ಸರಕು. ಇನ್ನೂ ಹೇಳ್ಬೇಕಂದ್ರೆ "16.4" ಕೂಡ ಸ್ಥಿರ ಅಲ್ಲ. ಕೆಳಗಿರೋ ಡೆಬಿಯನ್‌ಗೆ ಸೆಕ್ಯುರಿಟಿ ತೇಪೆ ಬಂದ್ರೆ ಅದೇ ಹೆಸರಲ್ಲಿ ಹೊಸದಾಗಿ ಕಟ್ಟಿ ಇಡ್ತಾರೆ. ಕಾಮರ್ಸ್‌ನವನಿಗೆ ಇದು ಎಷ್ಟು ಹಿಂಸೆ ಗೊತ್ತಾ? ಒಂದೇ ಬಿಲ್ ನಂಬರ್ ಎರಡು ಸಲ ಬಳಸಿದ್ರೆ ಆಡಿಟರ್ ಸುಮ್ನೆ ಬಿಡ್ತಾರಾ?

ಬದಲಾಗದ್ದು ಒಂದಿದೆ, ಅದು ಡೈಜೆಸ್ಟ್. ಇಮೇಜ್‌ನ ಒಳಗಿರೋದನ್ನೇ ಲೆಕ್ಕ ಹಾಕಿ ಬರೋ 64 ಅಕ್ಷರದ ಸಂಖ್ಯೆ, ಮುಂದೆ "ಶಾ256" ಅಂತ ಇರತ್ತೆ. ಒಳಗೆ ಒಂದು ಚುಕ್ಕೆ ಬದಲಾದ್ರೂ ಸಂಖ್ಯೆ ಬದಲಾಗತ್ತೆ. 2014ರ ನವೆಂಬರ್ 1ಕ್ಕೆ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ತಿದ್ದಿದಾಗ ನಮ್ಮ ಟುಮ್ಕೂರ್ ಕೂಡ ತುಮಕೂರು ಆಯ್ತಲ್ಲ, ಆದ್ರೆ ರೈಲ್ವೆ ಕೋಡ್ ಟಿಕೆ ಹಾಗೇ ಉಳೀತು. ಡೈಜೆಸ್ಟ್ ಆ ಟಿಕೆ ಇದ್ದ ಹಾಗೆ. ಟ್ಯಾಗ್ ಅಂದ್ರೆ ಪ್ಲಾಟ್‌ಫಾರಂ ಬೋರ್ಡು. ಸಾಫ್ಟ್‌ವೇರ್ ಲೋಕದಲ್ಲಿ ನಮ್ಮ ಬೋರ್ಡ್ ಕಿತ್ತು ಗುಬ್ಬಿ ಸ್ಟೇಷನ್‌ಗೆ ಹಾಕಿದ್ರೂ ಕೇಳೋರಿಲ್ಲ.

ಡೈಜೆಸ್ಟ್ ನೋಡೋಕೆ ಕ್ರೇನ್ ಅಂತ ಇನ್ನೊಂದು ಪುಟ್ಟ ಟೂಲ್ ಇದೆ. "ಕ್ರೇನ್ ಎಲ್‌ಎಸ್ ಪೋಸ್ಟ್‌ಗ್ರೆಸ್" ಅಂದ್ರೆ ಟ್ಯಾಗ್ ಪಟ್ಟಿ, ಸಾಲಿಗೊಂದು. "ಕ್ರೇನ್ ಡೈಜೆಸ್ಟ್ ಪೋಸ್ಟ್‌ಗ್ರೆಸ್ ಕೋಲನ್ 16.4" ಅಂದ್ರೆ ಆ ಉದ್ದ ಸಂಖ್ಯೆ. ಸೆಟ್ಟಿಂಗ್ ಫೈಲಿನಲ್ಲಿ ಟ್ಯಾಗ್ ಆದ ಮೇಲೆ ಆ್ಯಟ್ ಚಿಹ್ನೆ ಹಾಕಿ ಅದನ್ನ ಅಂಟಿಸಿದ್ರೆ ಮುಗೀತು, ಆಮೇಲೆ ಡಾಕರ್ ಡೈಜೆಸ್ಟನ್ನೇ ನಂಬತ್ತೆ, ಚೀಟಿ ಬರೀ ನಮ್ಮ ಕಣ್ಣಿಗೆ.

ಪಟ್ಟಿ ಓದೋವಾಗ ಎರಡು ಕಡೆ ಎಡವ್ತೀರಿ. ಒಂದು, ಕ್ರಮ. ಅದು ಡಿಕ್ಷನರಿ ಕ್ರಮ, ಹಾಗಾಗಿ 10 ಮೊದಲು ಬರತ್ತೆ, 9 ಎಲ್ಲೋ ಕೊನೆಗೆ. ಕೊನೇಲಿರೋದು ಹೊಸದು ಅಂದ್ಕೊಂಡ್ರೆ ಕೆಟ್ರಿ. "ಸಾರ್ಟ್ ಹೈಫನ್ ಕ್ಯಾಪಿಟಲ್ ವಿ" ಗೆ ಕೊಟ್ರೆ ವರ್ಷನ್ ಲೆಕ್ಕದಲ್ಲಿ ಜೋಡಿಸಿ ಕೊಡತ್ತೆ. ಎರಡನೇದು, ತಾರೀಖು. ಈ ಪಟ್ಟಿಯಲ್ಲಿ ಹೆಸರು ಬಿಟ್ರೆ ಏನೂ ಇರಲ್ಲ. ಯಾವಾಗ ಇಟ್ಟಿದ್ದು ಅಂತ ಬೇಕಿದ್ರೆ "ಸ್ಕೋಪಿಯೋ ಇನ್‌ಸ್ಪೆಕ್ಟ್" ಅಂತ ಒಂದೊಂದನ್ನೇ ಕೇಳ್ಬೇಕು, ಅದೂ ಕೆಲವೊಮ್ಮೆ 1970 ಅಂತ ತೋರಿಸತ್ತೆ. ಬೇಕಂತಲೇ ತಾರೀಖು ಸೊನ್ನೆ ಮಾಡಿ ಕಟ್ಟೋ ಪದ್ಧತಿ ಇದೆ, ಹೆದರ್ಬೇಡಿ.

ಇನ್ನೊಂದು ಮಾತು, ಮೊಬೈಲ್ ಡೇಟಾದಲ್ಲೇ ಬದುಕೋ ನಮ್ಮಂಥವರಿಗೆ. ಲಾಗಿನ್ ಇಲ್ಲದೆ ಡಾಕರ್ ಹಬ್‌ನಿಂದ 6 ಗಂಟೆಗೆ 100 ಸಲ ಮಾತ್ರ ಇಮೇಜ್ ಎಳೀಬಹುದು, 2020ರ ನವೆಂಬರ್‌ನಿಂದ ಈ ಮಿತಿ. ಆ 100 ಲೆಕ್ಕ ಆಗೋದು ಐಪಿ ವಿಳಾಸಕ್ಕೆ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಒಂದೇ ವಿಳಾಸ ಎಷ್ಟೋ ಜನಕ್ಕೆ ಹಂಚಿರ್ತಾರೆ, ಹಾಗಾಗಿ ನೀವೇನೂ ಎಳೀದಿದ್ರೂ "ಟೂ ಮೆನಿ ರಿಕ್ವೆಸ್ಟ್ಸ್" ಅಂತ ಬೈಸ್ಕೋಬಹುದು. ಟ್ಯಾಗ್ ಪಟ್ಟಿ ನೋಡೋದು ಈ 100ರ ಲೆಕ್ಕಕ್ಕೆ ಬರಲ್ಲ. ಎಂಬಿನೂ ಖರ್ಚಾಗಲ್ಲ. ಊಹೆ ಮಾಡಿ ಎಳೆಯೋದಕ್ಕಿಂತ ಕೇಳಿ ಎಳೆಯೋದು ಅಗ್ಗ.

ಚೀಟಿ ಜಾಗ ಬದಲಾದ್ರೆ ನನ್ನಂಥವನ ಸೈಟ್ ನಿಂತೀತು ಅಷ್ಟೇ ತಾನೆ ಅನ್ಬೇಡಿ. 2025ರ ಮಾರ್ಚ್‌ನಲ್ಲಿ ಗಿಟ್‌ಹಬ್‌ನಲ್ಲಿ ಏನಾಯ್ತು ಅಂದ್ರೆ, ಟಿಜೆ-ಆ್ಯಕ್ಷನ್ಸ್ ಅನ್ನೋ ಕಡೆಯ ಒಂದು ಟೂಲ್, 23,000ಕ್ಕೂ ಹೆಚ್ಚು ರೆಪೊಸಿಟರಿಗಳು ಬಳಸ್ತಿದ್ದದ್ದು, ಅದರ ಹಳೇ ವರ್ಷನ್ ಟ್ಯಾಗ್‌ಗಳನ್ನೆಲ್ಲ ಕಳ್ಳರು ತಮ್ಮ ಕೋಡ್ ಕಡೆ ತಿರುಗಿಸಿಬಿಟ್ರು. ಬಳಸಿದವರ ಪಾಸ್‌ವರ್ಡು, ಕೀಗಳು ಲಾಗ್‌ನಲ್ಲಿ ಬಯಲಾದ್ವು. ಅವು ಕಂಟೇನರ್ ಟ್ಯಾಗ್ ಅಲ್ಲ, ಗಿಟ್ ಟ್ಯಾಗ್, ಆದ್ರೆ ರೋಗ ಒಂದೇ.

ಈಗ ನನ್ನ ಭಾನುವಾರದ ಸ್ಕ್ರಿಪ್ಟ್ ಏನನ್ನೂ ಎಳೆಯಲ್ಲ. ಟ್ಯಾಗ್ ಪಟ್ಟಿ ತಗೊಂಡು, ಹೋದ ವಾರದ ಪಟ್ಟಿ ಜೊತೆ ಹೋಲಿಸಿ, ಹೊಸದೇನಾದ್ರೂ ಬಂದಿದ್ರೆ ನನಗೆ ಟೆಲಿಗ್ರಾಂ ಮೆಸೇಜ್ ಕಳಿಸತ್ತೆ. ಹಾಕ್ಬೇಕೋ ಬೇಡ್ವೋ ನಾನು ಕಾಫಿ ಕುಡೀತಾ ತೀರ್ಮಾನ ಮಾಡ್ತೀನಿ. ಮೊದಲು ಡಂಪ್, ಆಮೇಲೆ ಹೊಸ ಇಮೇಜ್. ಆ ಡಂಪ್ ಒಂದು ಪೆನ್‌ಡ್ರೈವ್‌ಗೂ ಹೋಗತ್ತೆ. ಅದರ ಮೇಲೂ ಒಂದು ಚೀಟಿ ಅಂಟಿಸಿದ್ದೀನಿ, ತಾರೀಖು ಸಮೇತ.

ಕುಣಿಗಲ್ ಅಜ್ಜಿ ಮೊನ್ನೆ ಫೋನ್ ಮಾಡಿಸಿದ್ರು, ಆಲದ ಮರದ ಕಥೆ ಇನ್ನೊಂದ್ಸಲ ಬೇಕಂತೆ. ಈ ಸಲ ಬಸ್ ಹತ್ತಲಿಲ್ಲ. ಅಷ್ಟು ಭಾಗ ಕತ್ತರಿಸಿ ಮಗಳ ವಾಟ್ಸ್‌ಆ್ಯಪ್‌ಗೆ ಕಳಿಸಿದೆ. ಫೈಲಿಗೆ ಅಜ್ಜನ ಹೆಸರನ್ನೇ ಇಟ್ಟೆ.

ಮುಂದಿನ ವಾರ ಮತ್ತೆ ಸಿಗೋಣ. ಕಮಾಂಡ್ ಟೈಪ್ ಮಾಡಿ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಸ್ಕ್ರೀನ್‌ಶಾಟ್ ಕಳಿಸಿ. ಹೈಫನ್ ವಿ ಮಾತ್ರ ಒತ್ತೋಕೆ ಮುಂಚೆ ಕಳಿಸಿ. ನಮಸ್ಕಾರ.